ಹೊರಗೆ ಅಂದರೆ ಯಾವ ಹೊರಗೆ

ನನ್ನ ತವರು ಕೊಯಿಲದಲ್ಲಿ. ಬೆಳಿಗ್ಗೆ ಎದ್ದು ಚೆಂಬು ಹಿಡಿದು ಪೊದೆಯ ಮರೆಗೆ ಹೋಗುವುದಕ್ಕೆ ನಮ್ಮ ಮನೆಯಲ್ಲಿ ‘ಹೊರಗೆ ಹೋಗುದು’ ಎನ್ನುತ್ತಿದ್ದರು. ಗಂಡನ ಮನೆ ಜಾಲ್ಸೂರಿನಲ್ಲಿ. ಅಲ್ಲಿ ಅದೇ ಕೆಲಸಕ್ಕೆ ‘ಗುಡ್ಡೆಗೆ ಹೋಗುದು’ ಎಂದು ಹೆಸರು. ಹೊರಗೆ ಎಂದರೆ ಅವರಿಗೆ ಒಂದೇ ಅರ್ಥ: ಹೆಂಗಸು ತಿಂಗಳ ಮುಟ್ಟಾಗಿ ಮೂರು ದಿವಸ ಯಾರನ್ನೂ ತಾಗದೆ ದೂರ ಕೂರುವುದು. ಮದುವೆಗೆ ಮೊದಲು ಜಾತಕ ನೋಡಿದರು, ಹುಡುಗಿಯ ಹಲ್ಲು ನೋಡಿದರು, ನಡಿಗೆ ನೋಡಿದರು. ಮಾತು ಹೊಂದುತ್ತದೆಯೇ ಎಂದು ಮಾತ್ರ ಯಾರೂ ನೋಡಲಿಲ್ಲ. ಆ ಒಂದು ಮಾತು ನನ್ನ ಬದುಕನ್ನು ತಿಂದುಹಾಕಿತು ಎಂದರೆ ಈಗಿನವರು ನಗುತ್ತಾರೆ. ನಗಲಿ, ನನಗೇನು.

ನನ್ನ ಗಂಡನಿಗೆ ರಸ್ತೆ ಕವಲೊಡೆಯುವಲ್ಲಿ ಒಂದು ಹೋಟೆಲು ಇತ್ತು. ಸುಳ್ಯದಿಂದ ಕಾಸರಗೋಡಿಗೆ ಹೋಗುವ ಬಸ್ಸುಗಳು ಅದರ ಎದುರು ನಿಲ್ಲುತ್ತಿದ್ದವು. ಇಡ್ಲಿ, ಬನ್ಸು, ಅವಲಕ್ಕಿ, ಚಾ. ಹಿಂದೆ ಅಡಿಗೆ ಮನೆ, ಅದಕ್ಕೆ ತಾಗಿ ನಮ್ಮ ವಾಸ, ಅದರಾಚೆ ಸೌದೆ ಕೊಟ್ಟಿಗೆ. ಅಡಿಗೆ ಮನೆಗೆ ಅತ್ತೆಯೇ ಸರಕಾರ. ಮಡಿ ಕೆಟ್ಟರೆ ಹೋಟೆಲಿಗೆ ಗಿರಾಕಿ ಬರುವುದಿಲ್ಲ ಎನ್ನುವುದು ಅವರ ಲೆಕ್ಕ. ಬಸ್ಸಿನಿಂದ ಇಳಿದು ಹಸಿದು ಬಂದವನು ಇಡ್ಲಿ ಬಿಸಿ ಉಂಟಾ ಎಂದು ಕೇಳುತ್ತಿದ್ದ, ಅರೆದವಳ ಮಡಿ ಹೇಗುಂಟು ಎಂದು ಒಬ್ಬನೂ ಕೇಳಿದ್ದನ್ನು ನಾನು ಕಾಣೆ.

ಮಗಳು ಹುಟ್ಟಿ ವರ್ಷ ತುಂಬುವ ಹೊತ್ತಿಗೆ ನನಗೆ ಹೊಟ್ಟೆ ಕೆಟ್ಟಿತು. ಮೊದಲು ಅಜೀರ್ಣ ಎಂದುಕೊಂಡೆ. ನಿಲ್ಲಲಿಲ್ಲ. ಅರೆಯುವ ಕಲ್ಲಿನಿಂದ ಎದ್ದು ಓಡುವುದು, ಬಂದು ಕೂತರೆ ಪುನಃ ಓಡುವುದು. ಬಸ್ಸು ನಿಂತಿರುವಾಗ ಗುಡ್ಡೆ ಹತ್ತಿದರೆ ಕಿಟಕಿಯವರೆಲ್ಲ ನೋಡುತ್ತಿದ್ದರು. ನಾಚಿಕೆ ಎಲ್ಲ ಹೊಟ್ಟೆ ಸರಿ ಇರುವವರಿಗೆ. ಆಮೇಲೆ ರಕ್ತ ಕಾಣಿಸಿತು. ಹೆದರಿ ಅತ್ತೆಯ ಹತ್ತಿರ ಹೋದೆ. ತವರಿನ ಮಾತೇ ಬಾಯಿಗೆ ಬಂತು.

“ಅತ್ತೆ, ಹೊರಗೆ ಹೋಗುವಾಗ ರಕ್ತ ಹೋಗ್ತದೆ.”

ಅತ್ತೆ ಕೈಯಲ್ಲಿದ್ದ ಸೌಟನ್ನು ಬಿಟ್ಟು ಹಿಂದೆ ಸರಿದರು. “ಇಶ್ಶಿ! ಹೊರಗೆ ಆಗಿ ಒಳಗೆ ನಿಂತು ಮಾತಾಡ್ತಿಯಾ? ನಿನಗೆ ಹೇಳಿ ಕೊಟ್ಟವರು ಯಾರೂ ಇಲ್ವಾ? ನಡೆ ಕೊಟ್ಟಿಗೆಗೆ!”

ಅಂದಿನ ಹಿಟ್ಟನ್ನೆಲ್ಲ ಹಸುವಿಗೆ ಹಾಕಿದರು. ನಾನು ಕೊಟ್ಟಿಗೆಗೆ ಹೋದೆ. ನಾಲ್ಕನೆಯ ದಿವಸ ಸ್ನಾನ ಮಾಡಿ ಒಳಗೆ ಬಂದೆ. ಒಗೆಯುವ ಕಲ್ಲಿನ ಹತ್ತಿರ ನನ್ನ ಸೀರೆಯಲ್ಲಿ ಅತ್ತೆ ಮತ್ತೆ ಕಲೆ ಕಂಡರು. ಮತ್ತೆ ಕೊಟ್ಟಿಗೆ. ನಾನು ಬಿಡಿಸಿ ಹೇಳಿದೆ. ಇದು ಅದಲ್ಲ ಅತ್ತೆ, ಹಿಂದಿನಿಂದ ಹೋಗುದು, ಗುಡ್ಡೆಗೆ ಹೋದಾಗ ಹೋಗುದು ಎಂದೆ. ಒಳಗೆ ಬರಲು ನಾನು ಕಟ್ಟಿದ ಸುಳ್ಳು ಎಂದು ಅವರಿಗೆ ಅನಿಸಿತು.

“ರಕ್ತ ಎಲ್ಲಿಂದ ಬಂದರೂ ರಕ್ತವೇ. ಬಾಯಿಗೆ ಬಂದ ಕತೆ ಹೇಳ್ಬೇಡ,” ಎಂದರು.

ಗಂಡನಿಗೆ ಹೇಳಿದರೆ ಅವರ ಮುಖ ಕೆಂಪಾಯಿತು. “ಹೆಂಗಸರ ವಿಷಯ ನನ್ನ ಹತ್ತಿರ ಎಂತಕ್ಕೆ? ಅಮ್ಮನ ಹತ್ತಿರ ಹೇಳು.” ಅಮ್ಮನ ಹತ್ತಿರ ಹೇಳಿಯೇ ಈ ಗತಿ ಬಂದದ್ದು ಮಾರಾಯ್ರೆ ಎಂದೆ. ಅವರು ಗಲ್ಲಾದ ಕಡೆಗೆ ನಡೆದರು. ನನ್ನ ಗಂಡ ಕೆಟ್ಟವರಲ್ಲ. ಬರಿಯ ಹೇಡಿ.

ಹಾಗೆ ನನ್ನ ವಾಸ ಸೌದೆಯ ನಡುವೆ ಆಯಿತು. ಬಾಳೆಲೆಯಲ್ಲಿ ಊಟ ಇಟ್ಟು ದೂರದಿಂದ ತಳ್ಳುತ್ತಿದ್ದರು. ಕೆಲವು ತಿಂಗಳು ರಕ್ತ ತಾನಾಗಿಯೇ ನಿಲ್ಲುತ್ತಿತ್ತು, ಆಗ ಒಳಗೆ ಬರುತ್ತಿದ್ದೆ. ಮತ್ತೆ ಕೆರಳುತ್ತಿತ್ತು, ಮತ್ತೆ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದೆ. ನನಗೆ ಇದೆಲ್ಲ ದೊಡ್ಡದಲ್ಲ. ಹೊಗೆ ತಿಂದೆ, ತಣ್ಣನೆ ಅನ್ನ ತಿಂದೆ, ಬೈಗಳು ತಿಂದೆ. ಆದರೆ ಮಗಳು! ನನಗೆ ಆ ಕಾಲದಲ್ಲಿ ಬೇಕಾಗಿದ್ದದ್ದು ಒಂದೇ, ಅದು ಬಂದು ನನ್ನ ಮಡಿಲಲ್ಲಿ ಕೂರಬೇಕು. ಅದಕ್ಕೂ ಅವರಲ್ಲಿ ಕಾನೂನು ಉಂಟು. ಬಟ್ಟೆ ತೊಟ್ಟ ಮಗು ಹೊರಗಾದವಳನ್ನು ತಾಗಿದರೆ ಮೈಲಿಗೆ. ಬರಿಮೈಯ ಮಗು ತಾಗಬಹುದು. ಅತ್ತೆ ಬಾಗಿಲಲ್ಲಿ ನಿಂತು ಅದರ ಅಂಗಿ ಬಿಚ್ಚಿ ನನ್ನ ಕಡೆಗೆ ಬಿಡುತ್ತಿದ್ದರು. ಹಾಲು ಕುಡಿಸಿ ಕಳಿಸಿದರೆ ಅಲ್ಲಿಯೇ ನೀರು ಹೊಯ್ದು, ಒರೆಸಿ, ಅಂಗಿ ತೊಡಿಸಿ ಒಳಗೆ ಎತ್ತಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಮಗು ಗಡಗಡ ನಡುಗುತ್ತಿತ್ತು. ನನಗೆ ಅತ್ತೆಯ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬರುತ್ತಿತ್ತು. ನೆಗಡಿ ಆಗುತ್ತದೆ ಎಂದು ನಾನೇ ಮಗುವನ್ನು ಕಳಿಸಬೇಡಿ ಎಂದೆ. “ನೋಡಿ, ತಾಯಿಗೇ ಬೇಡ,” ಎಂದು ಅತ್ತೆ ಹೋಟೆಲಿಗೆ ಕೇಳುವ ಹಾಗೆ ಹೇಳಿದರು.

ಮೊಲೆ ಬಿಡಿಸಿದ ಮೇಲೆ ಆ ಕಾನೂನೂ ಮುಗಿಯಿತು. ಹೆಣ್ಣು ಹುಡುಗಿ ದೊಡ್ಡದಾಯಿತು, ಇನ್ನು ಬರಿಮೈಯಲ್ಲಿ ಬಿಡುದು ಚೆಂದ ಅಲ್ಲ ಎಂದರು. ಮಗಳು ಹಿತ್ತಿಲ ಮೆಟ್ಟಿಲ ಮೇಲೆ, ನಾನು ಕೊಟ್ಟಿಗೆಯ ಬಾಗಿಲಲ್ಲಿ. ನಡುವೆ ಅಂಗಳ.

ಮರ್ಕಂಜದ ಒಬ್ಬ ಪಂಡಿತರಿಂದ ಮದ್ದು ಬಂತು. ಗಂಡ ಅಲ್ಲಿಗೆ ಹೋಗಿ ನೆಲ ನೋಡುತ್ತಾ “ಮನೆಯವಳಿಗೆ ನಿಲ್ಲುವುದಿಲ್ಲ” ಎಂದಷ್ಟೇ ಹೇಳಿದ್ದರಂತೆ. ಪಂಡಿತರಾದರೂ ಏನು ಮಾಡಿಯಾರು, ಮುಟ್ಟು ನಿಲ್ಲುವುದಕ್ಕೆ ಅಶೋಕ ಮರದ ಕೆತ್ತೆಯ ಕಷಾಯ ಕೊಟ್ಟರು. ಕರುಳಿನ ಹುಣ್ಣಿಗೆ ಗರ್ಭಕೋಶದ ಮದ್ದನ್ನು ಶ್ರದ್ಧೆಯಿಂದ ಕುಡಿದೆ. ಮೊಣಕಾಲು, ಕಾಲಿನ ಹರಡು ಬಾತವು. ಕಣ್ಣು ಕೆಂಡವಾಯಿತು. ಬಾಯಲ್ಲಿ ಹುಣ್ಣು, ಕಣಕಾಲಿನಲ್ಲಿ ಮುಟ್ಟಿದರೆ ನೋಯುವ ಕೆಂಪು ಗಂಟುಗಳು. ಒಂದೊಂದಕ್ಕೂ ಅತ್ತೆ ಒಂದೊಂದು ಕಾರಣ ಹೇಳುತ್ತಿದ್ದರು: ನಾಗನ ಉಪದ್ರ, ಕಣ್ಣಿನ ದೃಷ್ಟಿ, ಸೋಮಾರಿತನ. ಎಲ್ಲ ಒಂದೇ ಬೇರಿನದು ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಸುಣ್ಣದ ಗೋಡೆಯ ಬಣ್ಣಕ್ಕೆ ಬಂದೆ.

ಕೊನೆಗೆ ನನ್ನ ಅಣ್ಣ ಕೊಯಿಲದಿಂದ ಬಂದವನು ನನ್ನನ್ನು ಕಂಡು ಅಂಗಳದಲ್ಲಿಯೇ ಅತ್ತುಬಿಟ್ಟ. ಯಾರ ಒಪ್ಪಿಗೆಯನ್ನೂ ಕೇಳದೆ ಪುತ್ತೂರಿನ ಬಸ್ಸು ಹತ್ತಿಸಿದ. ಅಲ್ಲಿಯ ಡಾಕ್ಟ್ರು ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಆಮೇಲೆ ಕೇಳಿದರು.

“ರಕ್ತ ಎಲ್ಲಿಂದ ಅಮ್ಮ?”

ನನಗೆ ಅಳು ಬಂತು. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ ಮೊದಲನೆಯ ಮನುಷ್ಯ. ಹೇಳಿದೆ. ಪರೀಕ್ಷೆ ಮಾಡಿದರು. ಆ ಪರೀಕ್ಷೆಯ ವರ್ಣನೆ ಬೇಡ. ದೊಡ್ಡ ಕರುಳಿನ ಒಳಗಿನ ಪೊರೆ ಪೂರ್ತಿ ಹುಣ್ಣಾಗಿದೆ, ಕೊಲೈಟಿಸ್, ಗಂಟು ನೋವು, ಕಣ್ಣು, ಕಾಲಿನ ಗಂಟು ಎಲ್ಲ ಅದರದ್ದೇ ಮರಿಗಳು ಎಂದರು. ಗುಣ ಆಗುವ ಕಾಯಿಲೆ ಅಲ್ಲ, ಸಾಕಿಕೊಂಡು ಹೋಗಬೇಕಾದ ಕಾಯಿಲೆ ಎಂದೂ ಹೇಳಿದರು. ದಿನಾ ಸಲ್ಫಾ ಮಾತ್ರೆ, ಕಬ್ಬಿಣದ ಟಾನಿಕ್ಕು, ಹೆಚ್ಚಾದಾಗ ಇನ್ನೊಂದು ಸಣ್ಣ ಬಿಳಿ ಮಾತ್ರೆ. ಆ ಬಿಳಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ನಿಧಾನವಾಗಿ ಇಳಿಸುತ್ತಾ ಬರಬೇಕು, ಮರೆಯಬೇಡಿ ಎಂದು ಅಣ್ಣನಿಗೂ ನನಗೂ ಬೇರೆ ಬೇರೆಯಾಗಿ ಹೇಳಿದರು.

ಅಣ್ಣ ನನ್ನನ್ನು ಜಾಲ್ಸೂರಿನಲ್ಲಿ ಇಳಿಸಿ, ಅತ್ತೆಯ ಎದುರು ನಿಂತು, ಇದು ಮುಟ್ಟು ಅಲ್ಲ, ಕರುಳಿನ ರೋಗ ಎಂದು ಗಟ್ಟಿಯಾಗಿ ಹೇಳಿದ. ಇವತ್ತು ಮಗಳನ್ನು ಎತ್ತಿಕೊಳ್ಳುತ್ತೇನೆ, ಇನ್ನು ಯಾರು ಏನು ಹೇಳುತ್ತಾರೆ ನೋಡುತ್ತೇನೆ ಎಂದುಕೊಂಡಿದ್ದೆ.

ಅತ್ತೆ ಸ್ವಲ್ಪ ಯೋಚಿಸಿದರು. “ಹಾಗಾದ್ರೆ ಭೇದಿಯ ರೋಗ. ಮಗುವಿಗೆ ಅಂಟಿದ್ರೆ? ಹೋಟೆಲಿನವರಿಗೆ ಗೊತ್ತಾದ್ರೆ? ಮುಟ್ಟಾದ್ರೆ ನಾಲ್ಕನೇ ದಿವಸ ಸ್ನಾನ ಉಂಟು. ಇದಕ್ಕೆ ಯಾವ ಸ್ನಾನ?”

ಅಂಟುವುದಿಲ್ಲ ಎಂದು ಡಾಕ್ಟ್ರು ಹೇಳಿದ್ದಾರೆ ಎಂದು ಅಣ್ಣ ಕೂಗಿದ. ಡಾಕ್ಟ್ರು ಇಲ್ಲಿ ಬಂದು ಇಡ್ಲಿ ತಿನ್ನುದಿಲ್ಲವಲ್ಲ ಎಂದರು ಅತ್ತೆ. ಮುಗಿಯಿತು. ಮೂರು ದಿವಸದ ಹೊರಗೆ ಹೋಗಿ ನನಗೆ ಶಾಶ್ವತದ ಹೊರಗೆ ಸಿಕ್ಕಿತು. ಮೊದಲಿನದೇ ವಾಸಿ ಇತ್ತು ಎಂದು ಅನಿಸಿದ್ದುಂಟು.

ಮಾತ್ರೆಗಳಿಂದ ರಕ್ತ ಕಡಿಮೆಯಾಯಿತು. ಸಲ್ಫಾ ತಿಂದರೆ ತಲೆ ತಿರುಗಿ ವಾಕರಿಕೆ, ಆದರೂ ಬಿಡಲಿಲ್ಲ. ಖಾರ ಬಿಟ್ಟೆ, ಗಂಜಿ, ಬಾಳೆಕಾಯಿ, ಮಜ್ಜಿಗೆಗೆ ಬಂದೆ. ಮತ್ತೊಮ್ಮೆ ಕೆರಳಿದಾಗ ಬಿಳಿ ಮಾತ್ರೆ ಶುರುವಾಯಿತು. ಹಸಿವು ಎಂದರೆ ಹಸಿವು! ಮುಖ ಕುಂಬಳಕಾಯಿಯ ಹಾಗೆ ದುಂಡಾಯಿತು. ಹೋಟೆಲಿಗೆ ಬಂದವರು ಹಿಂದೆ ಇಣುಕಿ, “ಏನೇ ಹೇಳಿ, ಭಟ್ರ ಮನೆಯವರು ಈಗ ತುಂಬಿಕೊಂಡಿದ್ದಾರೆ,” ಎನ್ನುತ್ತಿದ್ದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೂತು ತಿಂದು ಊದಿದ್ದು. ಇನ್ನೂ ಮದ್ದು ಎಂತಕ್ಕೆ?” ಎಂದರು. ಗಂಡ ಮುಂದಿನ ಸಲ ಪುತ್ತೂರಿಗೆ ಹೋದಾಗ ಮಾತ್ರೆ ತರಲಿಲ್ಲ. ಮರೆತದ್ದಲ್ಲ. ಮುಖ ದುಂಡಾದದ್ದನ್ನು ಅವರು ಗುಣ ಎಂದು ತಿಳಿದರು. ನಾನು ಬೇಡಿದೆ, ಬೈದೆ, ಕೊಟ್ಟಿಗೆಯ ಬಾಗಿಲಿಗೆ ಸೌದೆ ಎಸೆದೆ. ನಾಳೆ ಬಸ್ಸಿನವನ ಹತ್ತಿರ ಹೇಳಿ ಕಳಿಸುವಾ ಎಂದರು. ಅವರ ನಾಳೆ ಬರುವ ಮೊದಲೇ ನಾನು ಬಿದ್ದೆ. ಹೊಟ್ಟೆ ಉಬ್ಬಿ ಬಿಗಿದು ಜ್ವರ ಏರಿತು. ಪುತ್ತೂರಿಗೆ ಸಾಗಿಸಿದರು, ಅಲ್ಲಿಂದ ಮಂಗಳೂರಿಗೆ. ದೊಡ್ಡ ಕರುಳನ್ನು ಪೂರ್ತಿ ಕತ್ತರಿಸಿ ತೆಗೆದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದರು.

ಎಚ್ಚರವಾದಾಗ ಕೆಂಪು ಮೊಗ್ಗಿನಂಥ ಒಂದು ತುಂಡು ಹೊಟ್ಟೆಯ ಮೇಲೆ ಅಲುಗಾಡುತ್ತಿತ್ತು. ಅದಕ್ಕೆ ರಬ್ಬರಿನ ಚೀಲ, ಚೀಲಕ್ಕೆ ಸೊಂಟಪಟ್ಟಿ. ನಾನು ಅತ್ತೆ ಮತ್ತು ಗಂಡ ಇಬ್ಬರನ್ನೂ ಶಪಿಸಿದೆ. ದಾದಿ ಕಿವಿ ಮುಚ್ಚಿಕೊಂಡಳು. ಆದರೆ ಕಲಿತೆ. ಚೀಲ ತೊಳೆಯುವುದು, ಒಣಗಿಸುವುದು, ಸೋರಿ ಸುತ್ತಲಿನ ಚರ್ಮ ಸುಟ್ಟ ಹಾಗೆ ಆದಾಗ ಬಿಳಿ ಮುಲಾಮು ಹಚ್ಚುವುದು, ಬಿಸಿಲಿನ ದಿವಸ ಉಪ್ಪು ಹಾಕಿದ ಗಂಜಿ ತಿಳಿ ಪದೇ ಪದೇ ಕುಡಿಯುವುದು, ಇಲ್ಲದಿದ್ದರೆ ಮೈಯ ನೀರೆಲ್ಲ ಚೀಲಕ್ಕೆ ಇಳಿದು ಕಾಲು ಸೆಟೆಯುವುದು. ಹೊಲಿದ ಬಾಯಿ ಸಣ್ಣದು, ಮುಂದೆ ಇನ್ನೂ ಬಿಗಿಯಬಹುದು ಎಂದರು. ನಾರಿನ ತಿಂಡಿ ಹೋದರೆ ಅಲ್ಲಿ ಸಿಕ್ಕಿಕೊಂಡು ಕರುಳು ಕಟ್ಟುತ್ತದೆ. ಬಿದಿರಿನ ಕಣಿಲೆ ಬೇಡ, ಅಣಬೆ ಬೇಡ, ಹಲಸು ಬೇಡವೇ ಬೇಡ.

ಆದರೆ ರಕ್ತ ನಿಂತಿತ್ತು. ಗಂಟು ನೋವು ಹೋಯಿತು, ಕಣ್ಣು ತಿಳಿಯಾಯಿತು. ಮೈಯಲ್ಲಿ ಬಲ ಬಂತು. ಮನೆಗೆ ಬಂದು ಅತ್ತೆಗೆ ಹೇಳಿದೆ, ಇನ್ನು ರಕ್ತ ಇಲ್ಲ, ಭೇದಿಯೂ ಇಲ್ಲ, ರೋಗದ ಕರುಳೇ ಇಲ್ಲ ಎಂದು.

“ಹೊಟ್ಟೆಯ ಮೇಲೆ ಹೇಲು ಕಟ್ಟಿಕೊಂಡು ಅಡಿಗೆ ಮನೆಗೆ ಬರ್ತಿಯಾ? ಛೀ ಛೀ,” ಎಂದರು.

ನಿಮ್ಮ ಹೊಟ್ಟೆಯ ಒಳಗೆ ಎಂತ ಉಂಟು ಅತ್ತೆ, ಪಂಚಾಮೃತವಾ ಎಂದು ಕೇಳಿದೆ. ಗಂಡ ಗಲ್ಲಾದಲ್ಲಿ ಕೆಮ್ಮಿದರು. ಕೊಟ್ಟಿಗೆಗೆ ಒಂದು ಮಂಚ ಹಾಕಿಸಿಕೊಟ್ಟರು, ಅವರ ಕೈಲಾದ ನ್ಯಾಯ ಅಷ್ಟೇ.

ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ನನಗೆ ಕೇಳುವ ಹಾಗೆ ಪಾಠ ಓದುತ್ತಿದ್ದಳು. ಮಗ್ಗಿ ತಪ್ಪಿದರೆ ನಾನು ಇಲ್ಲಿಂದ ಕೂಗಿ ಸರಿ ಮಾಡುತ್ತಿದ್ದೆ. ಒಳ್ಳೆಯ ಮಗು. ಹೇಳಿದ ಗೆರೆ ದಾಟದ ಮಗು, ಅದೇ ನನ್ನ ದೊಡ್ಡ ಸಂಕಟ. ಪಕ್ಕದ ಮನೆಯ ಮಕ್ಕಳ ಹಾಗೆ ಪುಂಡಾಗಿದ್ದರೆ ಯಾವತ್ತೋ ಓಡಿ ಬಂದು ನನ್ನ ಮೇಲೆ ಬೀಳುತ್ತಿತ್ತು.

ಒಂದು ಬೇಸಗೆ ಅತ್ತೆ ಯಾವುದೋ ಉಪನಯನಕ್ಕೆ ಮರ್ಕಂಜಕ್ಕೆ ಹೋದರು. ಗಂಡ ಹೋಟೆಲಿನಲ್ಲಿ. ಮಧ್ಯಾಹ್ನ ಮಗಳು ಅಂಗಳ ದಾಟಿ ಬಂದಳು. ಕೈಯಲ್ಲಿ ಒಂದು ತಟ್ಟೆ, ತಟ್ಟೆಯ ತುಂಬ ಬಕ್ಕೆ ಹಲಸಿನ ಸೊಳೆ. ತಾನೇ ಬಿಡಿಸಿದ್ದಂತೆ. ಕೈಗೆ ಎಣ್ಣೆ ಹಚ್ಚಿದ್ದರೂ ಬೆರಳಿಗೆಲ್ಲ ಮೇಣ ಮೆತ್ತಿತ್ತು.

“ಅಮ್ಮ, ಅಜ್ಜಿ ನಿನಗೆ ಒಮ್ಮೆಯೂ ಹಣ್ಣು ಕೊಡುದಿಲ್ಲ. ನಾನು ತಂದೆ,” ಎಂದಳು. ಆಮೇಲೆ ಮಂಚ ಹತ್ತಿ ನನ್ನ ಮಡಿಲಲ್ಲಿ ಕೂತಳು. ಚೀಲ ಇಲ್ಲದ ಎಡಗಡೆಯೇ ಕೂತಳು, ಅಷ್ಟು ಸೂಕ್ಷ್ಮ ಅದಕ್ಕೆ. “ಆ ಮಾಡು.”

ಡಾಕ್ಟ್ರು ಹೇಳಿದ್ದು ನನಗೆ ಮರೆತಿರಲಿಲ್ಲ. ಬೇಡ ಮಗೂ ಎಂದರೆ ಅವಳು ಇಳಿದು ಹೋಗುತ್ತಾಳೆ, ಎಷ್ಟೋ ವರ್ಷಕ್ಕೆ ಒಂದು ಸಲ ಗೆರೆ ದಾಟಿದವಳು ಇನ್ನು ದಾಟುವುದಿಲ್ಲ. ನಾನು ಬಾಯಿ ತೆರೆದೆ. ಅಗಿದೆ, ಅಗಿದೆ, ಅವಳು ಇನ್ನೊಂದು ಹಿಡಿದು ಕಾಯುತ್ತಿದ್ದಳು. ಅವಳ ಕೂದಲಲ್ಲಿ ಬೆವರಿನ, ಹೊಂಗೆಯ ಎಲೆಯ ವಾಸನೆ ಇತ್ತು. ತಟ್ಟೆ ಖಾಲಿಯಾಯಿತು. ಆ ಮಧ್ಯಾಹ್ನಕ್ಕೆ ನಾನು ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ. ಇನ್ನೊಮ್ಮೆ ತಂದರೆ ಇನ್ನೊಮ್ಮೆ ತಿನ್ನುತ್ತೇನೆ.

ಸಂಜೆಗೆ ಹೊಟ್ಟೆ ಹಿಂಡಲು ಶುರುವಾಯಿತು. ಚೀಲಕ್ಕೆ ಒಂದು ಹನಿ ಬೀಳಲಿಲ್ಲ. ಆಮೇಲೆ ವಾಂತಿ, ಹಸಿರು ವಾಂತಿ. ಗಂಡ ಬಂದು ನೋಡಿ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡರು. ಎದುರಿನ ಜೀನಸಿ ಅಂಗಡಿಯ ಬ್ಯಾರಿಗಳು ನನ್ನ ಕೂಗು ಕೇಳಿ ಓಡಿ ಬಂದರು. “ಎಂತ ಭಟ್ರೇ, ನೋಡ್ತಾ ನಿಂತದ್ದು? ಹಿಡೀರಿ!” ಎಂದು ನನ್ನನ್ನು ಚಾಪೆ ಸಮೇತ ಎತ್ತಿ ತಮ್ಮ ಲಾರಿಯಲ್ಲಿ ಮಲಗಿಸಿದರು. ಅಷ್ಟರಲ್ಲಿ ಮರ್ಕಂಜದಿಂದ ಬಂದ ಅತ್ತೆ ಅಂಗಳದಲ್ಲಿ ತಟ್ಟೆಯನ್ನೂ ಹಲಸಿನ ಬೀಜವನ್ನೂ ಕಂಡರು. ಮಗಳು ಕಂಬದ ಹಿಂದೆ ನಿಂತಿದ್ದಳು. ಲಾರಿ ಹೊರಡುವಾಗ ಅತ್ತೆಯ ದನಿ ನನಗೆ ಸ್ಪಷ್ಟವಾಗಿ ಕೇಳಿತು.

“ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದ್ದೇನೆ ಹೆಣ್ಣೇ? ನೀನು ಮುಟ್ಟಿ ತಿನ್ನಿಸಿದೆ, ನಿನ್ನ ಅಮ್ಮ ಸಾಯ್ಲಿಕ್ಕೆ ಹೋಗುದು ನೋಡು!”

ಲಾರಿಯಿಂದ ಎದ್ದು ಅಲ್ಲ ಎಂದು ಕೂಗಲು ನನ್ನಲ್ಲಿ ಉಸಿರಿರಲಿಲ್ಲ.

ಪುತ್ತೂರಿನಲ್ಲಿ ಮೂಗಿನಿಂದ ನಳಿಕೆ ಇಳಿಸಿದರು, ರಕ್ತನಾಳಕ್ಕೆ ಉಪ್ಪುನೀರು ಕೊಟ್ಟರು, ಕರುಳಿನ ಬಾಯಿಗೆ ಬೆರಳು ಹಾಕಿ ಡಾಕ್ಟ್ರೇ ನಾರನ್ನು ಬಿಡಿಸಿ ತೆಗೆದರು. ಬದುಕಿದೆ. ನನ್ನ ಜೀವ ಗಟ್ಟಿ, ಅದೇ ನನ್ನ ಶನಿ.

ಮನೆಗೆ ಬಂದಾಗ ಮಗಳು ಮೆಟ್ಟಿಲ ಮೇಲೆ ಇರಲಿಲ್ಲ. ಬಾವಿಕಟ್ಟೆಯಲ್ಲಿ ಕೈಗೆ ಬೂದಿ ಹಾಕಿ ಉಜ್ಜುತ್ತಿದ್ದಳು. ಗಂಡ ಹೇಳಿದರು, ನಾನು ಹೋದಂದಿನಿಂದ ಹಾಗೆಯೇ ಅಂತೆ, ಉಣ್ಣುವ ಮೊದಲು, ಮಲಗುವ ಮೊದಲು, ಶಾಲೆಯಿಂದ ಬಂದು. ಬೆರಳ ಸಂದಿನಲ್ಲಿ ಚರ್ಮ ಕಿತ್ತು ನೀರು ಒಸರುತ್ತಿತ್ತು. ಗಂಜಿಯ ಲೋಟವನ್ನು ಅಂಗಳದ ನಡುವೆ ಇಟ್ಟು, ಕೋಲಿನಿಂದ ನನ್ನ ಕಡೆಗೆ ತಳ್ಳಿದಳು.

“ಬಾ ಮಗೂ,” ಎಂದೆ.

“ಬೇಡ ಅಮ್ಮ. ನಾನು ಮುಟ್ಟಿದ್ರೆ ನೀನು ಸಾಯ್ತಿ.”

ಅಲ್ಲ, ಹಲಸಿನ ನಾರಿನಿಂದ ಆದದ್ದು, ತಿಂದದ್ದು ನನ್ನ ಬಾಯಿ, ನಿನ್ನ ಕೈ ಅಲ್ಲ ಎಂದು ಬಗೆಬಗೆಯಾಗಿ ಹೇಳಿದೆ. ಹೂಂ ಹೂಂ ಎಂದು ತಲೆ ಆಡಿಸುತ್ತಾ ಹಿಂದೆ ಹಿಂದೆ ಸರಿದಳು.

ಅತ್ತೆ ಒಳಗಿನಿಂದ ನೋಡುತ್ತಿದ್ದರು. ಅವರಿಗೂ ಹೆದರಿಕೆ ಹುಟ್ಟಿತ್ತು ಎಂದು ಕಾಣುತ್ತದೆ. ನನ್ನ ಸಂಸಾರದಲ್ಲಿ ಮೊದಲ ಸಲ ಅವರು ನನ್ನ ಪರವಾಗಿ ಮೆಟ್ಟಿಲು ಇಳಿದು ಬಂದು ಮಗುವಿನ ಬೆನ್ನಿಗೆ ಕೈ ಇಟ್ಟರು.

“ಹೋಗು ಮಗಾ. ಎಂತ ಆಗುದಿಲ್ಲ. ಸ್ನಾನವೂ ಬೇಡ, ಎಂತದೂ ಬೇಡ. ಅಮ್ಮನ ಹತ್ತಿರ ಹೋಗು, ನಾನೇ ಹೇಳುದಲ್ವಾ?”

ಮಗಳು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ, ಅಮ್ಮನನ್ನು ಕೊಲ್ಲುದಿಲ್ಲ, ನಾನು ಅಮ್ಮನನ್ನು ಕೊಲ್ಲುದಿಲ್ಲ ಎಂದು ಚೀರಿದಳು.